ಕಡಲಿಗೆ ಹೊರಡುವ ಮುನ್ನ

ದಸರೆಯ ರಜೆ ಸಮೀಪಿಸಿತೆಂದರೆ ಬಾಗಲಕೋಟೆಯ ವಿದ್ಯಾಗಿರಿಯ ಮನೆಗಳಲ್ಲಿ ಪ್ರವಾಸದ ಮಾತು ತಾನಾಗಿಯೇ ತಲೆಯೆತ್ತುತ್ತದೆ. ಶಾಲೆ ಕಾಲೇಜುಗಳ ನೆರಳಿನಲ್ಲಿಯೇ ಬೆಳೆದ ಬಡಾವಣೆ ಅದು. ಅಲ್ಲಿಯ ಬದುಕು ಪರೀಕ್ಷೆ ಮತ್ತು ರಜೆಗಳ ತಾಳಕ್ಕೆ ನಡೆಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ದೂರದೇಶಗಳಿಂದ ಜನ ಬರುತ್ತಾರೆ, ನಿಜ. ಆದರೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಮೇಣಬಸದಿಯ ಮೆಟ್ಟಿಲುಗಳನ್ನು ಹತ್ತಿಳಿದವರಿಗೆ ಅದು ಪ್ರವಾಸವೆನಿಸದು. ಮನೆಯ ಹಿತ್ತಿಲಿಗೆ ಹೋಗಿಬಂದಂತೆ. ಕೂಡಲಸಂಗಮಕ್ಕೆ ಹೋಗುವುದು ಭಕ್ತಿಯ ಮಾತು, ಬನಶಂಕರಿಗೆ ಹೋಗುವುದು ಜಾತ್ರೆಯ ಮಾತು. ರಜೆಗೆ ಬೇಕಾದದ್ದು ಇದುವರೆಗೆ ಕಾಣದಿರುವ ವಸ್ತು. ಕರಿಯ ಎರೆಮಣ್ಣು, ಕೆಂಪು ಮರಳುಗಲ್ಲು, ಬೇವು, ಜಾಲಿಗಳ ನಡುವೆ ಕಣ್ಣು ತೆರೆದವರಿಗೆ ಅಂತಹ ವಸ್ತುವೆಂದರೆ ಕಡಲು.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತಂದೆ ಕಾಲೇಜಿನ ನೌಕರ. ತಾಯಿ ಮನೆಯ ಲೆಕ್ಕಪತ್ರಗಳ ಒಡತಿ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಅವಳಿಗಿಂತ ನಾಲ್ಕು ವರ್ಷ ಕಿರಿಯನಾದ ತಮ್ಮ. ಎಲ್ಲರಿಗೂ ಹಿರಿಯಳಾದ ಅಜ್ಜಿ. ಯೋಜನೆಯ ಹೊಣೆಯನ್ನು ಮಗಳು ತಾನಾಗಿಯೇ ವಹಿಸಿಕೊಳ್ಳುತ್ತಾಳೆ. ಹಳೆಯ ನೋಟುಪುಸ್ತಕವೊಂದರ ಹಿಂಬದಿಯಿಂದ ಪಟ್ಟಿ ಆರಂಭವಾಗುತ್ತದೆ. ಕಾರವಾರ, ಅಂಕೋಲಾ, ಗೋಕರ್ಣ, ಯಾಣ, ಮಿರ್ಜಾನಿನ ಕೋಟೆ, ಕುಮಟಾ, ಹೊನ್ನಾವರ, ಇಡಗುಂಜಿ, ಮುರ್ಡೇಶ್ವರ, ಭಟ್ಕಳ, ದಾರಿಯಲ್ಲಿ ಮಾಗೋಡು ಜಲಪಾತ: ಮೂರು ದಿನಗಳಿಗೆ ಹನ್ನೊಂದು ಸ್ಥಳಗಳು. ಬಯಲು ಸೀಮೆಯವರ ಪ್ರವಾಸದ ಪಟ್ಟಿಗಳೆಲ್ಲ ಹೀಗೆಯೇ ಹುಟ್ಟುತ್ತವೆ. ಇಷ್ಟು ದೂರ ಹೋಗುವುದೆಂದರೆ ಒಂದನ್ನೂ ಬಿಟ್ಟುಬರಬಾರದು ಎಂಬುದು ಅವರ ಲೆಕ್ಕ. ಬಸ್ಸಿನ ಕಿಟಕಿಯಿಂದ ಕಂಡದ್ದನ್ನೂ ಅವರು ಲೆಕ್ಕಕ್ಕೆ ಸೇರಿಸದೆ ಬಿಡರು.

ಅಜ್ಜಿಯದು ಬೇರೆ ಮಾತು. "ನೀರು ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಮನಿ ಬಾಗಿಲಿಗೇ ಬಂದಿತ್ತಲ್ಲ!" ಎನ್ನುತ್ತಾಳೆ ಅವಳು.

ಅವಳ ಮಾತು ವಿನೋದಕ್ಕೆ ಆಡಿದ್ದಲ್ಲ. ಇಂದಿನ ಬಾಗಲಕೋಟೆ ಮೂರು ಭಾಗಗಳ ಊರು: ಹಳೆಯ ಪಟ್ಟಣ, ವಿದ್ಯಾಗಿರಿ, ನವನಗರ. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದ ಮೇಲೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆಯ ಪಟ್ಟಣದ ತಗ್ಗಿನ ಓಣಿಗಳನ್ನು ಮುಳುಗಿಸಿತು. ಜಲಾಶಯದ ನೀರು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನಿಲ್ಲುವುದೆಂದು ಪುಸ್ತಕಗಳಲ್ಲಿ ಬರೆದಿದೆ. ಆ ಸಂಖ್ಯೆಯ ಕೆಳಗೆ ಅಡುಗೆಮನೆಗಳಿದ್ದವು, ಅಂಗಡಿಗಳಿದ್ದವು, ಗುಡಿಗಳಿದ್ದವು. ಅಲ್ಲಿಂದೆದ್ದ ಜನರಿಗಾಗಿ ನವನಗರ ನಿರ್ಮಾಣವಾಯಿತು. ಸಮುದ್ರಮಟ್ಟವೆಂಬ ಮಾತನ್ನು ಅಜ್ಜಿ ಮೊದಲು ಕೇಳಿದ್ದು ಮುಳುಗಡೆಯ ಅಧಿಕಾರಿಗಳ ಬಾಯಲ್ಲಿ. ಸಮುದ್ರವನ್ನೇ ಕಾಣದಿದ್ದ ಊರಿನ ಮನೆಗಳು ಅದರ ಮಟ್ಟದಿಂದ ಅಳೆಯಲ್ಪಟ್ಟು ನೀರಿನ ಪಾಲಾದದ್ದು ವಿಚಿತ್ರವೇ ಸರಿ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿನ್ನೀರು ದಂಡೆಯವರೆಗೆ ತುಂಬಿ ನಿಂತಾಗ ಅದನ್ನು ನೋಡಲು ಹೋದ ಮಕ್ಕಳು "ಇದೇ ನಮ್ಮ ಸಮುದ್ರ" ಎಂದು ಕೂಗುವುದುಂಟು. ಪ್ರವಾಸದ ಯೋಜನೆಯಲ್ಲಿ ಮೊದಲು ತಿದ್ದಬೇಕಾದದ್ದು ಈ ಮಾತನ್ನೇ. ಹಿನ್ನೀರು ಎಷ್ಟೇ ವಿಶಾಲವಾಗಿದ್ದರೂ ಅದು ನಿಂತ ನೀರು. ಏರುವುದಕ್ಕೆ ವಾರಗಳು, ಇಳಿಯುವುದಕ್ಕೆ ತಿಂಗಳುಗಳು. ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಇದನ್ನು ಅರಿಯದೆ ಹೋದವರಿಗೆ ಏನಾಗುವುದೆಂಬುದನ್ನು ಮುಂದೆ ಹೇಳಬೇಕಾಗಿದೆ.

ಹಾಗೆಂದು ಕಡಲು ಈ ನಾಡಿಗೆ ಪೂರ್ತಿ ಅಪರಿಚಿತವೇನಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿಯ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. 634ರ ಶಾಸನವೊಂದಿದೆ. ಕವಿ ರವಿಕೀರ್ತಿ ಅದನ್ನು ರಚಿಸಿದವನು. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಡನೆ ಪಶ್ಚಿಮ ಸಮುದ್ರದ ಪುರಿಯೆಂಬ ನಗರವನ್ನು ಮುತ್ತಿದ ಸಂಗತಿಯನ್ನು ಅವನು ವರ್ಣಿಸಿದ್ದಾನೆ. ಬೆಟ್ಟಗಳ ನಡುವಿನ ಬಾದಾಮಿಯಲ್ಲಿ ಕುಳಿತ ಅರಸನಿಗೆ ಕಡಲ ಮೇಲೆ ಕಣ್ಣಿದ್ದಿತು. ಕಡಲೆಂದರೆ ವ್ಯಾಪಾರ, ವ್ಯಾಪಾರವೆಂದರೆ ಸಂಪತ್ತು.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ ಹತ್ತಿಯ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ಪೇಟೆಗಳಲ್ಲಿ 'ಕುಮಟಾ ಹತ್ತಿ' ಎಂಬ ಹೆಸರು ಪ್ರಸಿದ್ಧವಾಗಿತ್ತು. ಅದು ಬೆಳೆಯುತ್ತಿದ್ದುದು ಘಟ್ಟದ ಮೇಲಿನ ಎರೆಹೊಲಗಳಲ್ಲಿ. ಹಡಗನ್ನೇರುತ್ತಿದ್ದುದು ಕುಮಟೆಯ ಬಂದರಿನಲ್ಲಿ. ಹೆಸರು ಮಾತ್ರ ಬಂದರಿಗೆ ಸಂದಿತು. ಬೆವರು ಸುರಿಸಿದವನ ಊರಿಗೆ ಸಲ್ಲಬೇಕಾದ ಹೆಸರು ಗಂಟು ಕಟ್ಟಿದವನ ಊರಿಗೆ ಹೋಗುವುದು ಲೋಕದಲ್ಲಿ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆ ಬಿದ್ದ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ 1956ರವರೆಗೆ ವಿಜಾಪುರ ಜಿಲ್ಲೆಯೂ ಕಾರವಾರವೂ ಒಂದೇ ಪ್ರಾಂತದ ಆಡಳಿತದಲ್ಲಿದ್ದವು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ನಕಾಶೆಯನ್ನು ಹರಡಿದಾಗ ಮಗಳಿಗೆ ಮತ್ತೊಂದು ಸೋಜಿಗ ಕಾಣುತ್ತದೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಅರಬ್ಬೀ ಸಮುದ್ರದಿಂದ ಸುಮಾರು 64 ಕಿಲೋಮೀಟರ್ ಮಾತ್ರ ದೂರ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯೂ ಪಶ್ಚಿಮದ ಕಡಲಿಗೆ ಅಷ್ಟೇ ಸಮೀಪ. ಆದರೂ ಈ ನದಿಗಳು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಬಯಲನ್ನೆಲ್ಲ ಹಾದು, ನೂರಾರು ಹರದಾರಿ ನಡೆದು ಪೂರ್ವದ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಹೀಗೆ ಬೆನ್ನು ತಿರುಗಿಸಿದ್ದರಿಂದಲೇ ಬಾಗಲಕೋಟೆಗೆ ಜೋಳವೂ ಕಬ್ಬೂ ಉಂಟಾದವು. ಆದರೆ ಎಲ್ಲ ನೀರೂ ಹಾಗಲ್ಲ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ ಪಶ್ಚಿಮಕ್ಕೆ ಹರಿಯುತ್ತದೆ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ಪಡೆದು, ಅಂಕೋಲಾ ತಾಲ್ಲೂಕಿನ ಮಂಜಗುಣಿಯಲ್ಲಿ ಕಡಲನ್ನು ಸೇರುತ್ತದೆ. ಹುಬ್ಬಳ್ಳಿ-ಧಾರವಾಡಗಳ ಬಯಲಿನಲ್ಲಿ ಅಕ್ಕಪಕ್ಕದ ಹೊಲಗಳಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಪೂರ್ವದ ಕಡಲಿಗೂ ಇನ್ನೊಂದು ಪಶ್ಚಿಮದ ಕಡಲಿಗೂ ಹೋಗಬಹುದು.

ದಾರಿಯೂ ಈ ನೀರನ್ನೇ ಅನುಸರಿಸುತ್ತದೆ. ಬಾಗಲಕೋಟೆಯಿಂದ ಕೆರೂರು, ನರಗುಂದ, ನವಲಗುಂದಗಳ ಮೂಲಕ ಹುಬ್ಬಳ್ಳಿ. ಅಲ್ಲಿಂದ ಕಲಘಟಗಿ, ಯಲ್ಲಾಪುರ. ಮುಂದೆ ಅರಬೈಲು ಘಟ್ಟವನ್ನಿಳಿದರೆ ಅಂಕೋಲಾ. ಒಟ್ಟು ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಮಾತು ಬಹುಕಾಲದಿಂದ ನಡೆದಿದೆ. ಘಟ್ಟದ ಕಾಡಿನ ಪ್ರಶ್ನೆ ಅದನ್ನು ತಡೆದು ನಿಲ್ಲಿಸಿದೆ. ಆದ್ದರಿಂದ ಬಸ್ಸೇ ಗತಿ. ರಾತ್ರಿಯ ಬಸ್ಸಿನಲ್ಲಿ ಹೋದರೆ ಒಂದು ಹಗಲು ಉಳಿಯುತ್ತದೆಂದು ತಂದೆಯ ಸಲಹೆ. ಆದರೆ ಎರೆಹೊಲ ಮುಗಿದು ಕೆಂಪುಮಣ್ಣು ಬರುವುದನ್ನು, ಜಾಲಿ ಹೋಗಿ ತೇಗ ಬರುವುದನ್ನು, ಮಾಳಿಗೆಯ ಮನೆಗಳು ಹೋಗಿ ಇಳಿಜಾರು ಹೆಂಚಿನ ಮನೆಗಳು ಬರುವುದನ್ನು ನಿದ್ದೆಯಲ್ಲಿ ದಾಟಿಬಿಟ್ಟರೆ ಪ್ರವಾಸದ ಅರ್ಧಭಾಗವೇ ಕಳೆದಂತೆ. ಹಗಲಿನ ಪ್ರಯಾಣವೇ ನಿಶ್ಚಯವಾಗುತ್ತದೆ.

ಇನ್ನು ಕಾಲದ ಪ್ರಶ್ನೆ. ಬಾಗಲಕೋಟೆಯ ಸೀಮೆಯಲ್ಲಿ ವರ್ಷವೆಲ್ಲ ಸೇರಿ ಸುಮಾರು 55ರಿಂದ 60 ಸೆಂಟಿಮೀಟರ್ ಮಳೆ. ಕಾರವಾರದ ತೀರದಲ್ಲಿ 300 ಸೆಂಟಿಮೀಟರಿಗೂ ಹೆಚ್ಚು; ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ. ಮಳೆಗಾಗಿ ಮುಗಿಲು ನೋಡುವ ಜನಕ್ಕೆ ಮಳೆಯೆಂದರೆ ಹಬ್ಬ. ಕರಾವಳಿಯಲ್ಲಿ ಅದೇ ಮಳೆಗೆ ಹೆದರಿ ದೋಣಿಗಳನ್ನು ದಂಡೆಗೆಳೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ಸರ್ಕಾರವೇ ನಿಷೇಧಿಸಿದೆ. ಅದು ಮೀನುಗಳು ಮರಿಮಾಡುವ ಕಾಲ; ಕಡಲು ಮುನಿಯುವ ಕಾಲವೂ ಹೌದು. ಹುಟ್ಟಿದಂದಿನಿಂದ ಅಲೆಯನ್ನು ಕಂಡವರೇ ದೂರ ನಿಲ್ಲುವ ಆ ದಿನಗಳಲ್ಲಿ ಪ್ರವಾಸಿಗರು ಮಾತ್ರ ನೀರಿಗಿಳಿಯಲು ಹಾತೊರೆಯುತ್ತಾರೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಬಿರುಮಳೆಗೆ ಗುಡ್ಡವೊಂದು ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ದಾರಿಬದಿಯ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಅದು ಗಂಗಾವಳಿಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ನದಿಯ ನೀರು ಉಕ್ಕಿ ಆಚೆಯ ದಡದ ಮನೆಗಳಿಗೂ ಅಪ್ಪಳಿಸಿತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್ 7ರಂದು ನಡುರಾತ್ರಿಯ ಅನಂತರ ಕಾರವಾರದಲ್ಲಿ ಕಾಳಿನದಿಯ ಹಳೆಯ ಸೇತುವೆ ಕುಸಿಯಿತು. ಇವು ಮಳೆಗಾಲದ ಮಾತುಗಳು. ಆದರೆ ಡಿಸೆಂಬರ್ 10ರಂದು, ಆಕಾಶ ನಿರ್ಮಲವಾಗಿರುವ ಕಾಲದಲ್ಲಿಯೇ, ಮುರ್ಡೇಶ್ವರದ ತೀರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರವೂ ಬಯಲು ಸೀಮೆಯೇ. ಅಲ್ಲಿಯ ಮಕ್ಕಳೂ ಕೆರೆಯನ್ನು ಕಂಡವರು, ಕಡಲನ್ನು ಕಾಣಲು ಬಂದವರು.

ಈ ಸುದ್ದಿ ಬಂದ ವರ್ಷ ಬಯಲು ಸೀಮೆಯ ಎಷ್ಟೋ ಮನೆಗಳಲ್ಲಿ ಕಡಲಿನ ಪ್ರವಾಸದ ಮಾತೇ ನಿಂತುಹೋದದ್ದು ಆಶ್ಚರ್ಯವಲ್ಲ. ಹೆದರಿ ಹೋಗದಿರುವುದು ಸುಲಭ. ಆದರೆ ನಾಲ್ಕು ವರ್ಷಗಳ ಅನಂತರ ಅದೇ ಮಕ್ಕಳು ಗೆಳೆಯರೊಡನೆ ಅದೇ ತೀರಕ್ಕೆ ಹೋಗುತ್ತಾರೆ. ಆಗ ಹೇಳುವವರು ಜೊತೆಯಲ್ಲಿರುವುದಿಲ್ಲ. ಹೆದರಿಕೆಗಿಂತ ಅರಿವು ಹೆಚ್ಚು ದಿನ ಬಾಳುತ್ತದೆಂದು ತೋರುತ್ತದೆ. ಆ ನೋಟುಪುಸ್ತಕದಲ್ಲಿ ಸ್ಥಳಗಳ ಪಟ್ಟಿಯ ಎದುರಿನ ಪುಟ ತುಂಬುವುದು ಹೀಗೆ.

ಅಲ್ಲಿ ಮೊದಲು ಬರೆಯಬೇಕಾದದ್ದು ಸೆಳವಿನ ವಿಷಯ. ಸೆಳವೆಂಬುದು ಕೃಷ್ಣೆಯ ದಂಡೆಯವರಿಗೆ ಹೊಸ ಶಬ್ದವಲ್ಲ. ಆದರೆ ನದಿಯ ಸೆಳವು ಒಂದೇ ದಿಕ್ಕಿಗೆ ಎಳೆಯುತ್ತದೆ. ಅದು ಎಲ್ಲಿಗೆ ಒಯ್ಯುವುದೆಂದು ದಂಡೆಯ ಮೇಲೆ ನಿಂತವರಿಗೂ ತಿಳಿಯುತ್ತದೆ. ಕಡಲಿನದು ಹಾಗಲ್ಲ. ಅಲೆಗಳು ಒಂದರ ಹಿಂದೊಂದು ದಡಕ್ಕೆ ನೀರನ್ನು ನೂಕುತ್ತವೆ. ಹಾಗೆ ಬಂದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ. ಮರಳಿನ ದಿಬ್ಬಗಳ ನಡುವೆ ತಗ್ಗಾದ ಜಾಗವನ್ನು ಹುಡುಕಿಕೊಂಡು ಅದು ಇಕ್ಕಟ್ಟಾದ ಕಾಲುವೆಯಂತೆ ವೇಗವಾಗಿ ಒಳಗಡಲಿಗೆ ಹರಿಯುತ್ತದೆ. ಆ ತಗ್ಗಿನ ಮೇಲೆ ಅಲೆ ಹೆಚ್ಚಾಗಿ ಒಡೆಯುವುದಿಲ್ಲ, ನೊರೆಯಿಲ್ಲ, ಗದ್ದಲವಿಲ್ಲ. ಎರಡೂ ಕಡೆ ಅಲೆಗಳು ಅಬ್ಬರಿಸುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಆ ಪಟ್ಟೆಯೇ ಅತ್ಯಂತ ಅಪಾಯದ ಜಾಗ. ಹೊಸಬರು ಆರಿಸಿಕೊಳ್ಳುವುದೂ ಅದನ್ನೇ. ಶಾಂತವಾದ ನೀರು ಸುರಕ್ಷಿತ ಎಂಬುದು ಕೆರೆ ಕಲಿಸಿದ ಪಾಠ; ಕಡಲಿನಲ್ಲಿ ಅದು ತಪ್ಪು ಪಾಠ.

ಇಂತಹ ಸೆಳವಿಗೆ ಸಿಕ್ಕವರು ದಡದತ್ತ ನೇರವಾಗಿ ಈಜಲು ಹೆಣಗುತ್ತಾರೆ. ನುರಿತ ಈಜುಗಾರನೂ ಆ ಪ್ರವಾಹವನ್ನು ಎದುರಿಸಲಾರ. ಮುಳುಗಿಸುವುದು ಸೆಳವಿಗಿಂತ ಹೆಚ್ಚಾಗಿ ಆಯಾಸ. ಬಲ್ಲವರು ಅದರೊಡನೆ ಹೋರಾಡುವುದಿಲ್ಲ. ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆ ಇಕ್ಕಟ್ಟಾದ ಪಟ್ಟೆಯಿಂದ ಹೊರಬಿದ್ದ ಮೇಲೆ ಅಲೆಯ ನೆರವಿನಿಂದ ದಡ ಸೇರುತ್ತಾರೆ. ಒಬ್ಬರನ್ನು ಉಳಿಸಲು ಇನ್ನೊಬ್ಬರು ಹಾರಿ, ಅವರನ್ನು ಉಳಿಸಲು ಮತ್ತೊಬ್ಬರು ಹಾರಿ, ಒಂದು ಸಾವು ಮೂರಾಗುವುದುಂಟು. ಹಗ್ಗವನ್ನೋ ತೇಲುವ ವಸ್ತುವನ್ನೋ ಎಸೆದು, ಜೀವರಕ್ಷಕರನ್ನು ಕೂಗಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ಮೊಣಕಾಲಿಗಿಂತ ಆಳಕ್ಕೆ ಹೋಗಬಾರದೆಂದು ತಾಯಿ ವಿಧಿಸುತ್ತಾಳೆ. ತಮ್ಮ ಯಾರ ಮೊಣಕಾಲು ಎಂದು ಕೇಳುತ್ತಾನೆ. ಅವನದೇ ಎಂದು ಬರೆದಾಗುತ್ತದೆ.

ಎರಡನೆಯದು ಉಬ್ಬರವಿಳಿತಗಳ ಲೆಕ್ಕ. ಇದಕ್ಕೆ ದೊಡ್ಡ ಗ್ರಂಥವೇನೂ ಬೇಕಿಲ್ಲ. ಅಡುಗೆಮನೆಯ ಗೋಡೆಯ ಪಂಚಾಂಗವೇ ಸಾಕು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಆದ್ದರಿಂದ ಇಂದಿನ ಉಬ್ಬರ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಚಂದ್ರನ ಜೊತೆಗೆ ಸೂರ್ಯನ ಆಕರ್ಷಣೆಯೂ ಒಂದೇ ಗೆರೆಯಲ್ಲಿ ಕೂಡುವ ಹುಣ್ಣಿಮೆ, ಅಮಾವಾಸ್ಯೆಗಳ ವೇಳೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಇಳಿತದ ಹೊತ್ತಿನಲ್ಲಿ ಗೋಕರ್ಣದ ಬಂಡೆಗಳ ಮೇಲೆ ನಡೆದುಹೋಗಿ ಕುಳಿತವರು ಉಬ್ಬರ ಬಂದಾಗ ದಡದಿಂದ ಬೇರ್ಪಡುವುದು ಹೀಗೆಯೇ.

ಪಂಚಾಂಗವನ್ನು ತೆರೆದಾಗ ಅಜ್ಜಿಗೂ ಪ್ರವಾಸದಲ್ಲಿ ಒಂದು ಪಾತ್ರ ದೊರೆಯುತ್ತದೆ. ತಿಥಿಗಳ ವಿಷಯದಲ್ಲಿ ಆ ಮನೆಯಲ್ಲಿ ಅವಳಿಗೆ ಸಮಾನರಿಲ್ಲ. ನವಮಿಗೆ ಆಯುಧಪೂಜೆ, ದಶಮಿಗೆ ಬನ್ನಿ ಕೊಡುವುದು; ಅಲ್ಲಿಯವರೆಗೆ ಮನೆ ಬಿಡುವಂತಿಲ್ಲ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಬೇಕು, ಅಷ್ಟರೊಳಗೆ ಮರಳಬೇಕು. ಉಳಿದವು ಏಕಾದಶಿ, ದ್ವಾದಶಿ, ತ್ರಯೋದಶಿ. ಅಷ್ಟಮಿಯ ಸಣ್ಣ ಏರಿಳಿತ ಕಳೆದು ಹುಣ್ಣಿಮೆಯ ದೊಡ್ಡ ಉಬ್ಬರ ಬರುವುದಕ್ಕೆ ಮುಂಚಿನ ದಿನಗಳವು. ಹೊಲದ ಲೆಕ್ಕವೂ ಕಡಲಿನ ಲೆಕ್ಕವೂ ಒಂದೇ ಚಂದ್ರನಿಂದ ನಡೆಯುವುದು ಅಜ್ಜಿಗೆ ಸಮಾಧಾನ ತಂದಂತೆ ಕಾಣುತ್ತದೆ. "ಹಂಗಾದರ ಅವರೂ ನಮ್ಮಂಗ ಹುಣ್ಣಿವಿ ನೋಡೇ ನಡೀತಾರ" ಎನ್ನುತ್ತಾಳೆ.

'ಅವರು' ಎಂಬ ಮಾತು ಆ ಮನೆಯಲ್ಲಿ ಕೇಳಿಬರುವುದು ಆಗಲೇ ಮೊದಲು. ಅದುವರೆಗೆ ಪಟ್ಟಿಯಲ್ಲಿ ಸ್ಥಳಗಳಿದ್ದವು, ಜನರಿರಲಿಲ್ಲ. ಪ್ರವಾಸಿಗನಿಗೆ ಕರಾವಳಿಯೆಂದರೆ ವಿಶ್ರಾಂತಿಯ ಬೀಡು. ಅಲ್ಲಿರುವವರಿಗೆ ಅದು ಕೆಲಸದ ಅಂಗಳ. ಅಘನಾಶಿನಿಯ ಅಳಿವೆಯಲ್ಲಿ ಗಜನಿಯೆಂಬ ಗದ್ದೆಗಳಿವೆ. ಉಪ್ಪುನೀರು ನುಗ್ಗುವ ಆ ನೆಲದಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕಾಲುವೆಯ ನೀರನ್ನು ಅತಿಯಾಗಿ ಹಾಯಿಸಿ ಹೊಲಗಳು ಸವಳಾಗುವುದನ್ನು ಕಂಡಿರುವ ಬಾಗಲಕೋಟೆಯ ರೈತನಿಗೆ ಇದಕ್ಕಿಂತ ನೋಡತಕ್ಕ ದೃಶ್ಯ ಮತ್ತೊಂದಿರಲಾರದು. ಆದರೆ ಪ್ರವಾಸದ ಯಾವ ಭಿತ್ತಿಚಿತ್ರದಲ್ಲಿಯೂ ಕಗ್ಗದ ಗದ್ದೆ ಕಾಣಸಿಗುವುದು ಅಪರೂಪ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಕಡಲ ನೀರನ್ನು ಮಡಿಗಳಲ್ಲಿ ಕಟ್ಟಿ ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ಅಂಕೋಲೆಯಲ್ಲಿ 1930ರಲ್ಲಿ ಜನ ಉಪ್ಪಿನ ಕಾಯಿದೆಯನ್ನು ಮುರಿದು ಸೆರೆಮನೆಗೆ ಹೋದರು. ಅದೇ ತಾಲ್ಲೂಕಿನ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಬಾಳೆಲ್ಲ ದುಡಿದು ಗಿಡಗಳನ್ನು ಬೆಳೆಸಿದರು. ಸುಕ್ರಿ ಬೊಮ್ಮಗೌಡರು ಹಾಡುಗಳ ಭಂಡಾರವನ್ನೇ ನೆನಪಿನಲ್ಲಿಟ್ಟುಕೊಂಡಿದ್ದರು. ಇಬ್ಬರಿಗೂ ಪದ್ಮಶ್ರೀ ಸಂದಿತು. ಒಬ್ಬರು 2024ರ ಡಿಸೆಂಬರಿನಲ್ಲಿ, ಇನ್ನೊಬ್ಬರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು.

ತಂದೆ ಮತ್ತೊಂದು ಸಂಗತಿಯನ್ನು ಓದಿ ಹೇಳುತ್ತಾನೆ. ಕಾರವಾರ-ಅಂಕೋಲೆಗಳ ನಡುವಿನ ತೀರದಲ್ಲಿ ನೌಕಾದಳದ 'ಸೀಬರ್ಡ್' ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐ.ಎನ್.ಎಸ್. ಕದಂಬ ನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಂಡೆಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಅಜ್ಜಿ ಕೇಳುತ್ತ ಕೇಳುತ್ತ ಕೈಯ ಕೆಲಸ ನಿಲ್ಲಿಸುತ್ತಾಳೆ. ಅವರಿಗೆ ಜಾಗ ಎಲ್ಲಿ ಕೊಟ್ಟರು, ಗುಡಿಯ ದೇವರನ್ನು ಏನು ಮಾಡಿದರು, ಒಂದೇ ಓಣಿಯವರಿಗೆ ಒಂದೇ ಕಡೆ ಮನೆ ಸಿಕ್ಕಿತೇ ಎಂದು ಅವಳ ಪ್ರಶ್ನೆಗಳು. ಉತ್ತರ ಆ ಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ಅಲ್ಲಿಯೇ ಹೋಗಿ ಕೇಳಬೇಕೆಂದು ಅವಳು ತೀರ್ಮಾನಿಸಿದಾಗ ಅವಳೂ ಹೊರಟಂತಾಯಿತು.

ಅಲ್ಲಿಂದ ಪಟ್ಟಿ ಕಿರಿದಾಗತೊಡಗುತ್ತದೆ. ಭಟ್ಕಳ ಹೋಯಿತು, ಇಡಗುಂಜಿ, ಹೊನ್ನಾವರಗಳು ಹೋದವು. ಹೊನ್ನಾವರದ ಬಳಿಯ ಕಾಸರಕೋಡಿಗೆ 2020ರಲ್ಲಿ ಸ್ವಚ್ಛ ತೀರವೆಂದು ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಬಂದಿದೆಯೆಂದು ಮಗಳು ವಾದಿಸಿ ನೋಡುತ್ತಾಳೆ. ದೂರ ಹೆಚ್ಚೆಂದು ಅದೂ ಬಿಟ್ಟುಹೋಗುತ್ತದೆ. ಯಾಣದ ಕಪ್ಪು ಬಂಡೆಗಳಿಗೆ ಅಜ್ಜಿಯ ಮೊಣಕಾಲು ಒಪ್ಪುವುದಿಲ್ಲ. ಮುರ್ಡೇಶ್ವರದ 123 ಅಡಿಯ ಶಿವನನ್ನು ಬಿಡಲು ತಮ್ಮ ಸುಲಭವಾಗಿ ಸಿದ್ಧನಾಗುವುದಿಲ್ಲ. ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಕೋಟೆಯೊಂದು ಪಟ್ಟಿಯಲ್ಲಿ ಉಳಿದಿದೆಯೆಂದು ತಿಳಿದ ಮೇಲೆ ಅವನು ರಾಜಿಯಾಗುತ್ತಾನೆ. ಕಡೆಗೆ ಉಳಿಯುವುದು ಇಷ್ಟು: ದಾರಿಯಲ್ಲಿ ಮಾಗೋಡು, ಅಂಕೋಲೆಯಲ್ಲಿ ವಸತಿ, ಮರುದಿನ ಗೋಕರ್ಣ, ಸಾಣಿಕಟ್ಟೆ, ಮಿರ್ಜಾನು, ಕೊನೆಯ ದಿನ ಕಾರವಾರ.

ಕಾರವಾರವನ್ನು ಪಟ್ಟಿಯಲ್ಲಿ ಉಳಿಸಿದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರೆನ್ನಬೇಕು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಇದ್ದರು. ಬೆಳುದಿಂಗಳ ರಾತ್ರಿಯೊಂದರಲ್ಲಿ ಸಣ್ಣ ದೋಣಿಯಲ್ಲಿ ಕಾಳಿನದಿಯ ಮೇಲೆ ಎದುರುಮುಖವಾಗಿ ಸಾಗಿ, ಮರಳುವಾಗ ಇಳಿತದ ನೀರಿನೊಡನೆ ತೇಲಿಬಂದು, ಅಳಿವೆಯ ಬಳಿ ದೋಣಿಯಿಂದಿಳಿದು ಮರಳಿನ ಮೇಲೆ ನಡೆದು ಮನೆ ಸೇರಿದ ಸಂಗತಿಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಕವಿಯಾದರೂ ನೀರಿನ ವೇಳೆಯನ್ನು ಅನುಸರಿಸಿಯೇ ಹಿಂದಿರುಗಿದರೆಂಬುದನ್ನು ಗಮನಿಸಬೇಕು. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಅವರು ಬರೆದದ್ದು ಆ ಊರಿನಲ್ಲಿಯೇ. ಇಂದು ಆ ತೀರಕ್ಕೆ ಅವರದೇ ಹೆಸರು.

ಇನ್ನುಳಿದದ್ದು ಗಂಟು ಕಟ್ಟುವ ಕೆಲಸ. ಮೂರು ದಿನಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ; ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿದರೆ ಸಾಲದು, ಕರಾವಳಿಯ ತೇವದ ಗಾಳಿಗೆ ಮೆತ್ತಗಾದಾವೆಂದು ಬಿಗಿಯಾದ ಡಬ್ಬಿಯೇ ಬೇಕೆಂದು ನೆರೆಮನೆಯವರು ಎಚ್ಚರಿಸುತ್ತಾರೆ. ಹತ್ತಿಯ ಬಟ್ಟೆಗಳು, ಎರಡು ಕೊಡೆಗಳು, ಔಷಧಿಯ ಚೀಲ, ಉದ್ದನೆಯ ನೂಲಿನ ಹಗ್ಗವೊಂದು. ಹೊಸ ಇಳಕಲ್ ಸೀರೆಯನ್ನು ಉಪ್ಪುನೀರಿಗೆ ಒಡ್ಡಬಾರದೆಂದು ತಾಯಿಯ ಮತ. ಕಡಲನ್ನು ಮೊದಲ ಸಲ ನೋಡುವುದಾದರೆ ಒಳ್ಳೆಯ ಸೀರೆಯನ್ನೇ ಉಡುವೆನೆಂದು ಅಜ್ಜಿಯ ಹಟ. ನೋಟುಪುಸ್ತಕದ ಕೊನೆಯ ಸಾಲಿನಲ್ಲಿ, ಅಂಕೋಲೆಯನ್ನು ಮುಟ್ಟಿದ ಕೂಡಲೆ ತೀರದ ಮೀನುಗಾರರನ್ನು ಕಂಡು, ನೀರು ಯಾವ ಹೊತ್ತಿಗೆ ಏರುವುದು, ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಎಂದು ಕೇಳುವ ಕೆಲಸವನ್ನು ಮಗಳು ತನ್ನ ಹೆಸರಿಗೆ ಬರೆದುಕೊಳ್ಳುತ್ತಾಳೆ. ಅದರ ಕೆಳಗೆ, ಅಜ್ಜಿಯ ಪ್ರಶ್ನೆಗಳಿಗಾಗಿ, ಒಂದು ಪುಟವನ್ನು ಖಾಲಿ ಬಿಡಲಾಗುತ್ತದೆ.